ನಿಮ್ಮ ರಂಗೂನಿನ ಕತೆ ವಾಪಸ್ ಕಳಿಸುತ್ತಿದ್ದೇನೆ

ನಮಸ್ಕಾರ.

‘ಬೂಟಿನ ಸದ್ದು’ ಎರಡು ಸಲ ಓದಿದೆ. 1995ರ ರಂಗೂನ್. ಖಾಸಗಿ ದಿನಪತ್ರಿಕೆಯೊಂದರ ಕಚೇರಿಗೆ ಸೇನೆಯ ಕ್ಯಾಪ್ಟನ್ ಒಬ್ಬ ಬಾಗಿಲು ಒದ್ದು ನುಗ್ಗುತ್ತಾನೆ, ಪ್ರೂಫ್ ಹರಿದೆಸೆಯುತ್ತಾನೆ. ಸಂಪಾದಕ ಎದ್ದು ನಿಂತು ಪತ್ರಿಕಾ ಸ್ವಾತಂತ್ರ್ಯದ ಮೇಲೆ ಎರಡು ಪುಟ ಭಾಷಣ ಬಿಗಿಯುತ್ತಾನೆ. ಮುಚ್ಚುಮರೆ ಬೇಡ, ನಮ್ಮ ಪತ್ರಿಕೆಯಲ್ಲಿ ಹೀಗೇ ಹಾಕಿಕೊಳ್ಳಲಾರೆ.

ಮೊದಲನೆಯದಾಗಿ, ಆಗ ಬರ್ಮಾದಲ್ಲಿ ಖಾಸಗಿ ದಿನಪತ್ರಿಕೆಗಳೇ ಇರಲಿಲ್ಲ. 1962ರಲ್ಲಿ ಸೇನಾ ಜನರಲ್ ನೆ ವಿನ್ ಅಧಿಕಾರ ಕಿತ್ತುಕೊಂಡ ಮೇಲೆ ಕೆಲವೇ ವರ್ಷಗಳಲ್ಲಿ ಅವು ಮುಚ್ಚಿದವು, ಇಲ್ಲವೇ ಸರ್ಕಾರದ ಪಾಲಾದವು. ಲೈಸೆನ್ಸ್ ಪಡೆದು ಮತ್ತೆ ಹೊರಬಂದದ್ದು 2013ರ ಏಪ್ರಿಲ್‌ನಲ್ಲಿ. ನಡುವೆ ಖಾಸಗಿಯವರ ಕೈಲಿದ್ದದ್ದು ಹೆಚ್ಚಾಗಿ ಮಾಸಪತ್ರಿಕೆಗಳು. ನಿಮ್ಮ ಸಂಪಾದಕನನ್ನು ಅಂಥದೊಂದಕ್ಕೆ ವರ್ಗ ಮಾಡಿ.

ಅಲ್ಲಿ ಯಾರೂ ಬಾಗಿಲು ಒದೆಯಬೇಕಿರಲಿಲ್ಲ. ಪತ್ರಿಕೆಯವರೇ ಸರ್ಕಾರದ ಪರಿಶೀಲನಾ ಮಂಡಳಿಗೆ, ಅಂದರೆ ಸೆನ್ಸಾರ್‌ನವರಿಗೆ, ಸಂಚಿಕೆಯನ್ನು ಹೋಗಿ ಕೊಟ್ಟು ಕಾಯಬೇಕಿತ್ತು. ಅದೂ ಹಸ್ತಪ್ರತಿಯಲ್ಲ, ಅಚ್ಚಾದ ಪ್ರತಿ. ಕಾಗದ, ಮಸಿ, ಬೈಂಡಿಂಗು ಎಲ್ಲದರ ದುಡ್ಡೂ ಖರ್ಚಾದ ಮೇಲೆ ‘ಈ ಪ್ಯಾರಾ ಬೇಡ’ ಎಂದರೆ, ಅಷ್ಟೂ ಪ್ರತಿಗಳಲ್ಲಿ ಅದರ ಮೇಲೆ ಬೆಳ್ಳಿ ಬಣ್ಣದ ಮಸಿ ಬಳಿಯಬೇಕು. ಪೂರ್ತಿ ಕತೆಯೇ ಬೇಡವೆಂದರೆ ಪುಟಗಳನ್ನೇ ಹರಿಯಬೇಕು. ನಷ್ಟವೆಲ್ಲ ಪ್ರಕಾಶಕನ ತಲೆಗೆ. ಇಂಥ ಏಟು ಒಂದೆರಡು ತಿಂದವನು ಮುಂದಿನ ತಿಂಗಳು ತಾನಾಗಿ ಲೇಖಕರ ಮನೆಗೆ ಹೋಗಿ, ‘ಆ ಸಾಲೊಂದು ತೆಗೆದುಬಿಡಿ’ ಎಂದು ಕೈ ಹಿಡಿದುಕೊಳ್ಳುತ್ತಾನೆ. (ಪ್ರೆಸ್ಸಿನ ಬಾಕಿ ತೀರಿಸಲು ಒದ್ದಾಡುವ ನನಗೆ ಅವನ ಸಂಕಟ ಚೆನ್ನಾಗಿ ಅರ್ಥವಾಗುತ್ತದೆ.) ಕ್ಯಾಪ್ಟನ್‌ನನ್ನು ಕೈಬಿಟ್ಟು ಈ ಪ್ರಕಾಶಕನ ಖಾತೆ ಪುಸ್ತಕ ತೆರೆಯಿರಿ.

ಭಾಷಣದಲ್ಲಿ ವಿನ್ ಟಿನ್ ಹೆಸರು ಬರುತ್ತದೆ. 1989ರಿಂದ ಹತ್ತೊಂಬತ್ತು ವರ್ಷ ಜೈಲಿನಲ್ಲಿದ್ದ ಪತ್ರಕರ್ತ. ಇಟ್ಟಿಗೆ ಪುಡಿ ಕಲಸಿ ಸೆಲ್ಲಿನ ಗೋಡೆಯ ಮೇಲೆ ಬರೆದವರು. ಆ ಹೆಸರನ್ನು ಕ್ಯಾಪ್ಟನ್ನಿನ ಮುಖಕ್ಕೆ ಕೂಗಿದ ನಿಮ್ಮ ಸಂಪಾದಕ ಮರುದಿನ ಎಂದಿನಂತೆ ಕಚೇರಿಗೆ ಬಂದು ಫಿಲ್ಟರ್ ಕಾಫಿ ಕುಡಿಯುತ್ತಾನೆ! ರಂಗೂನಿನವರು ಚಹಾ ಅಂಗಡಿಯ ಜನ ಸ್ವಾಮಿ.

2012ರ ಆಗಸ್ಟ್‌ನಲ್ಲಿ ಈ ಪೂರ್ವಪರಿಶೀಲನೆ ನಿಂತಿತು, 2021ರಲ್ಲಿ ಸೇನೆ ಮತ್ತೆ ಪತ್ರಿಕೆಗಳ ಲೈಸೆನ್ಸ್ ಕಿತ್ತುಕೊಂಡಿತು. ಕೊನೆಯಲ್ಲಿ ಇದನ್ನೆಲ್ಲ ತುರುಕಿದ್ದೀರಿ, ತೆಗೆಯಿರಿ.

ಒಂದು ಕಡೆ ಮಾತ್ರ ನಿಮ್ಮ ಕೈ ಪಳಗಿದೆ: ಅಚ್ಚಿನ ಮೊಳೆ ಜೋಡಿಸುವ ಹುಡುಗ ರಾತ್ರಿ ಊಟಕ್ಕೆ ಮುಂಚೆ ಉಗುರಿನ ಮಸಿ ಉಜ್ಜುವ ಮೂರು ಸಾಲು. ಅವನಿಂದಲೇ ಕತೆ ಶುರುಮಾಡಿ. ತಾನೇ ಜೋಡಿಸಿದ ಪ್ಯಾರಾದ ಮೇಲೆ ಬಳಿಯಲು ಆ ಬೆಳ್ಳಿ ಮಸಿಯ ಬ್ರಷ್ಷನ್ನು ಅವನ ಕೈಗೇ ಕೊಡಿ. ಆಮೇಲೆ ಕಳಿಸಿ, ಓದುತ್ತೇನೆ.