ಕಾನೂನು ಪ್ರಶ್ನೋತ್ತರ: ಹೊಸ ತೀರ್ಪು, ಹಳೆಯ ದಾಖಲೆ

ಪ್ರಶ್ನೆ: ತಂದೆಯವರು 1999ರಲ್ಲಿ ತೀರಿಕೊಂಡರು. ಪಿತ್ರಾರ್ಜಿತ ಜಮೀನನ್ನು 2001ರಲ್ಲಿ ಹಿರಿಯರ ಸಮ್ಮುಖದಲ್ಲಿ ಬಾಯಿಮಾತಿನಲ್ಲೇ ವಿಭಾಗ ಮಾಡಿಕೊಂಡಿದ್ದೇವೆ, ಹೆಣ್ಣುಮಕ್ಕಳಿಗೆ ಸಮಪಾಲಿನ ಹಕ್ಕು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಹೊತ್ತಿಗೆ ತಂದೆಯೂ ಇರಲಿಲ್ಲ, ಆದ್ದರಿಂದ ನಿನಗೆ ಪಾಲಿಲ್ಲ ಎಂದು ಅಣ್ಣಂದಿರು ಕಳೆದ ವರ್ಷ ಹೇಳಿದರು. ಇದು ಸರಿಯೇ?

ಉತ್ತರ: ತಂದೆ ಬದುಕಿರಲಿಲ್ಲ ಎಂಬ ವಾದ ಈಗ ನಿಲ್ಲುವುದಿಲ್ಲ. 2015ರ ತೀರ್ಪೊಂದು ಹಾಗೆ ಹೇಳಿದ್ದುಂಟು. ಆದರೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠವು ಅದನ್ನು ಬದಿಗೊತ್ತಿ, ಈ ಹಕ್ಕು ಮಗಳಿಗೆ ಹುಟ್ಟಿನಿಂದಲೇ ಬರುವುದರಿಂದ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಜೀವಂತವಾಗಿರಬೇಕಿಲ್ಲ ಎಂದು ಸ್ಪಷ್ಟಪಡಿಸಿತು.

ನಿಮ್ಮ ಪ್ರಕರಣದ ಗಂಟು ಇರುವುದು ಬಾಯಿಮಾತಿನ ವಿಭಾಗದಲ್ಲಿ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ವಿಭಾಗ ಪತ್ರದ ಮೂಲಕ ಅಥವಾ ನ್ಯಾಯಾಲಯದ ಡಿಕ್ರಿಯ ಮೂಲಕ ಆಗಿರುವ ವಿಭಾಗವನ್ನು ಕಾನೂನು ಕದಲಿಸುವುದಿಲ್ಲ. ಬರೀ ಬಾಯಿಮಾತನ್ನು ನ್ಯಾಯಾಲಯ ಸಾಮಾನ್ಯವಾಗಿ ಒಪ್ಪುವುದಿಲ್ಲವಾದರೂ, ಸರ್ಕಾರಿ ದಾಖಲೆಗಳ ಬೆಂಬಲವಿದ್ದ ಅಪರೂಪದ ಸಂದರ್ಭಗಳಲ್ಲಿ ಒಪ್ಪಬಹುದು. ಆದ್ದರಿಂದ 2001ರಿಂದ ಈಚಿನ ಪಹಣಿ ಹಾಗೂ ಮ್ಯುಟೇಶನ್ (ಖಾತೆ ಬದಲಾವಣೆ) ದಾಖಲೆಗಳ ದೃಢೀಕೃತ ಪ್ರತಿಗಳನ್ನು ಮೊದಲು ಪಡೆಯಿರಿ. ಆಗ ಖಾತೆ ಬೇರೆಯಾಗಿತ್ತೇ, ಯಾವ ಆಧಾರದ ಮೇಲೆ ಆಯಿತು ಎಂಬುದು ಅವುಗಳಲ್ಲಿ ತಿಳಿಯುತ್ತದೆ. ಕುಟುಂಬದ ಆಸ್ತಿಯಿಂದ ತಮ್ಮನ್ನು ಹೊರಗಿಡಲಾಗಿದೆ ಎಂದು ತಿಳಿದ ದಿನದಿಂದ 12 ವರ್ಷಗಳೊಳಗೆ ಪಾಲಿನ ದಾವೆ ಹೂಡಬೇಕು. ಅಣ್ಣಂದಿರ ಮನಸ್ಸು ನೋಯುತ್ತದೆಂದು ಸುಮ್ಮನಿದ್ದು ಆ ಅವಧಿಯನ್ನು ಕಳೆದುಕೊಂಡ ಹೆಣ್ಣುಮಕ್ಕಳ ಪತ್ರ ಓದುವಾಗ ಸಂಕಟವಾಗುತ್ತದೆ, ನೀವು ತಡಮಾಡಬೇಡಿ.

ಪ್ರಶ್ನೆ: ಮನೆಯನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟೆ. ಈಗ ಅವನು ನನ್ನನ್ನು ನೋಡಿಕೊಳ್ಳುತ್ತಿಲ್ಲ. ಮನೆ ಹಿಂದಕ್ಕೆ ಬರುವುದೇ?

ಉತ್ತರ: ತಾಯಿ, ನಿಮ್ಮ ದಾನಪತ್ರದ ಒಕ್ಕಣೆ ನೋಡದೆ ಖಚಿತವಾಗಿ ಹೇಳಲಾರೆ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಂತೆ, ಪೋಷಣೆಯ ಷರತ್ತಿನ ಮೇಲೆ ಕೊಟ್ಟ ಆಸ್ತಿಯ ವರ್ಗಾವಣೆಯನ್ನು ಷರತ್ತು ಮುರಿದಾಗ ರದ್ದುಪಡಿಸಬಹುದು. ಷರತ್ತು ಇತ್ತೆಂಬುದನ್ನು ತೋರಿಸಲೇಬೇಕೆಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ, ಮಗ ಬರೆದುಕೊಟ್ಟಿದ್ದ ವಚನಪತ್ರವನ್ನೂ ಗಣನೆಗೆ ತೆಗೆದುಕೊಂಡು, ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದು ಅದೇ ನ್ಯಾಯಾಲಯ ದಾನವನ್ನು ರದ್ದುಗೊಳಿಸಿತು. ಆದಕಾರಣ ಮಗ ಬರೆದ ಯಾವ ಕಾಗದವಿದ್ದರೂ ಜೋಪಾನವಾಗಿಟ್ಟು, ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಸಲ್ಲಿಸಿ.

ಪ್ರಶ್ನೆ: ಬಂಧಿಸಿದ ಕಾರಣವನ್ನು ಪೊಲೀಸರು ಬಾಯಲ್ಲಿ ಹೇಳಿದರೆ ಸಾಕೇ?

ಉತ್ತರ: ಸಾಲದು. 2025ರ ನವೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ಅಪರಾಧ ಯಾವುದೇ ಇರಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕಾರಣಗಳನ್ನು ಬರೆದುಕೊಡಬೇಕು. ತಕ್ಷಣ ಬರೆದುಕೊಡಲು ಸಾಧ್ಯವಾಗದಿದ್ದರೆ ಬಾಯಿಮಾತಿನಲ್ಲಿ ತಿಳಿಸಬಹುದಾದರೂ, ರಿಮ್ಯಾಂಡಿಗಾಗಿ, ಅಂದರೆ ಬಂಧನದಲ್ಲೇ ಮುಂದುವರಿಸುವ ಆದೇಶಕ್ಕಾಗಿ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಕನಿಷ್ಠ 2 ಗಂಟೆ ಮೊದಲು ಬರಹ ಅವನ ಕೈಸೇರಿರಬೇಕು. ಇಲ್ಲವಾದರೆ ಬಂಧನ ಕಾನೂನುಬಾಹಿರವಾಗುತ್ತದೆ. ಆದರೆ ಅದರಿಂದ ಮೊಕದ್ದಮೆ ಮುಗಿದುಹೋಗುವುದಿಲ್ಲ.