ತುಂಬು ಬಾಳು ಬಾಳಿದ ಅತ್ತೆಗಾಗಿ ಸೊಸೆ ಅಳಬಾರದೇ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಧಾರವಾಡ ಕಡೆಯ ಒಕ್ಕಲುತನದ ಲಿಂಗಾಯತ ಮನೆತನ. 91 ವರ್ಷದ ಅಜ್ಜಿ ಲಿಂಗೈಕ್ಯರಾಗಿ ಏಳು ತಿಂಗಳಾಗಿತ್ತು. ಆಪ್ತಸಲಹೆಗೆ ಬಂದವರು 56ರ ಹಿರಿಯ ಸೊಸೆ, ಕರೆತಂದದ್ದು ಅವರ ಮಗ. ನಸುಕಿನ ನಾಲ್ಕಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಊಟ ಅರ್ಧಕ್ಕರ್ಧ ಇಳಿದಿದೆ. ಮದುವೆ, ಜಾತ್ರೆ ಬಿಡಿ, ತವರಿಗೂ ಹೋಗಿಲ್ಲ. "ಎದಕ್ಕ ಅಳಾಕತ್ತೀನಿ ನನಗ ತಿಳೀವಲ್ತರಿ" ಎಂದರು.

ಮಣ್ಣಿಗೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ತುಂಬಿದ ಬಾಳೇ ಮಾಡ್ಯಾರ, ಮರಿಮಕ್ಕಳನ್ನ ಕಂಡಾರ, ಅಳಬ್ಯಾಡವ್ವಾ." ಸಮಾಧಾನಕ್ಕೆಂದು ಆಡಿದ ಈ ಮಾತೇ ಬಾಯಿ ಕಟ್ಟಿತು. ಅಜ್ಜಿಯ ಹೆಣ್ಣುಮಕ್ಕಳು ಅತ್ತರೆ ಯಾರೂ ತಡೆಯಲಿಲ್ಲ. ಎರಡು ವರ್ಷ ಮೈ ಒರೆಸಿ, ಮಗ್ಗುಲು ಬದಲಿಸಿ, ಉಣಿಸಿದ ಸೊಸೆಯನ್ನು ಮಾತ್ರ ಎಷ್ಟು ಮಂದಿಗೆ ಅಡುಗೆ ಎಂದು ಕೇಳಿದರು.

ಮೊದಲ ಭೇಟಿಯಲ್ಲಿ "ಅತ್ತಿ ಹಿಂದ ಹೋಗಿಬಿಡಬೇಕ್ರಿ" ಎಂಬ ಮಾತು ಬಂತು. ಇಂಥಲ್ಲಿ ಸುತ್ತು ಬಳಸದೆ ಕೇಳಬೇಕು: ಸಾಯುವ ಯೋಚನೆಯೇ? ಹೇಗೆ ಎಂದೂ ಯೋಚಿಸಿದ್ದೀರಾ? ಕೇಳಿದರೆ ಇಲ್ಲದ ವಿಚಾರ ತಲೆಗೆ ಹತ್ತುತ್ತದೆ ಎಂಬುದು ಸುಳ್ಳು. ಇವರಲ್ಲಿದ್ದದ್ದು ಹಂಬಲ, ಯೋಜನೆಯಲ್ಲ. ರಕ್ತಹೀನತೆ, ಥೈರಾಯ್ಡ್, ಬಿ12 ಪರೀಕ್ಷೆಗೆ ವೈದ್ಯರ ಬಳಿ ಕಳಿಸಿದೆವು. ಈ ವಯಸ್ಸಿನಲ್ಲಿ ಸುಸ್ತನ್ನೆಲ್ಲ ದುಃಖದ ಲೆಕ್ಕಕ್ಕೆ ಬರೆಯಬಾರದು. ದೀರ್ಘಕಾಲದ ದುಃಖವನ್ನು ಕಾಯಿಲೆ ಎನ್ನಲು ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಕನಿಷ್ಠ 6 ತಿಂಗಳ ಗಡುವು ಇಟ್ಟರೆ, ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್ಎಂ ವಯಸ್ಕರಿಗೆ 12 ತಿಂಗಳು ಎನ್ನುತ್ತದೆ. ಗಡುವೊಂದೇ ಸಾಲದು, ಇವರು ಸಂಸಾರ ನಡೆಸುತ್ತಿದ್ದರು, ಮೊಮ್ಮಗಳೊಡನೆ ನಗುತ್ತಿದ್ದರು. ಕಾಯಿಲೆಯ ಹೆಸರು ಹಚ್ಚಲಿಲ್ಲ.

ಗಂಟು ಬಿಚ್ಚಿದ್ದು ಮೂರನೇ ಭೇಟಿಯಲ್ಲಿ. "ಕೊನೀಗೆ ಗಂಜಿ ಕುಡಿಸಿದಾಕಿ ನಾನ. ಕೆಮ್ಮು ಬಂತು, ಆಮ್ಯಾಲೆ ನಿಮೋನಿಯಾ ಅಂದ್ರು." ಇಲ್ಲಿ "ನಿಮ್ಮ ತಪ್ಪಿಲ್ಲ" ಎಂದುಬಿಟ್ಟರೆ ನಾಟುವುದಿಲ್ಲ, ಹೇಳುವವರು ಆ ರಾತ್ರಿ ಅಲ್ಲಿರಲಿಲ್ಲವಲ್ಲ. ಆ ಸಂಜೆಯನ್ನು ಸಾಲಾಗಿ ಹೇಳಿಸಿದೆವು: ತಲೆ ಎಷ್ಟು ಎತ್ತಿದ್ದಿರಿ, ಎಷ್ಟು ಚಮಚ ಇಳಿಯಿತು, ಮೊದಲೂ ಕೆಮ್ಮು ಬರುತ್ತಿತ್ತೇ? ನೀರು ಕುಡಿದರೂ ನೆತ್ತಿಗೇರುವುದು ತಿಂಗಳ ಹಿಂದೆಯೇ ಶುರುವಾಗಿತ್ತು. ಇಳಿವಯಸ್ಸಿನಲ್ಲಿ ನುಂಗುವ ಶಕ್ತಿ ಕುಂದುತ್ತದೆ. ಏನೂ ಉಣಿಸದಿದ್ದರೂ ಬಾಯ ಜೊಲ್ಲೇ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು. ಇದನ್ನು ಚಿಕಿತ್ಸೆ ಕೊಟ್ಟ ವೈದ್ಯರ ಬಾಯಿಂದಲೇ ಕೇಳಲು ಏರ್ಪಾಟು ಮಾಡಿದೆವು.

ನಾಲ್ಕರ ಎಚ್ಚರಕ್ಕೆ ಕಾರಣ ಸರಳ, ಅಜ್ಜಿಯ ಮಗ್ಗುಲು ಬದಲಿಸುವ ಹೊತ್ತದು. ಹಾಸಿಗೆಯಲ್ಲೇ ಹೊರಳಾಡದೆ ಎದ್ದು ಕೂರುವುದು, ಹಗಲು ಅರ್ಧ ಗಂಟೆ ಮೀರಿ ಮಲಗದಿರುವುದು, ಸಂಜೆ ಚಹಾ ಬಿಡುವುದು, ಇಷ್ಟೇ ಸಲಹೆ.

ದೇವರ ವಿಷಯ ಅಷ್ಟು ಸುಲಭವಿರಲಿಲ್ಲ. ಅಜ್ಜಿಯ ಇಷ್ಟಲಿಂಗ ಅವರೊಡನೆ ಸಮಾಧಿಗೆ ಹೋಗಿತ್ತು. ಆದರೆ ಸೋಮವಾರದ ಉಪವಾಸ, ಜಂಗಮರ ಊಟ, ಶ್ರಾವಣದ ಪ್ರವಚನ, ಎಳ್ಳಮಾವಾಸ್ಯೆಗೆ ಹೊಲದಲ್ಲಿ ಎಡೆ ಚೆಲ್ಲುವ ಚರಗ ಎಲ್ಲವೂ ಯಾರೂ ಹೇಳದೆ ಕೇಳದೆ ಸೊಸೆಯ ಹೆಗಲೇರಿದ್ದವು. ಒಂದು ತಪ್ಪಿದರೆ ಅತ್ತೆ ನೊಂದುಕೊಳ್ಳುತ್ತಾರೆಂಬ ಭಯ ಬೇರೆ. ಮನೆಮಂದಿಯನ್ನು ಒಟ್ಟಿಗೆ ಕೂರಿಸಿ ಒಂದೊಂದರ ಮುಂದೂ ಹೆಸರು ಬರೆಸಿದೆವು. ಚರಗ ಕಿರಿಯ ಮಗನ ಮನೆಗೆ, ಪ್ರವಚನ ಮೊಮ್ಮಗನಿಗೆ. ದೇವರ ದೀಪ ತಮಗಿರಲಿ ಎಂದು ಇವರೇ ಕೇಳಿ ಇಟ್ಟುಕೊಂಡರು. ಉಪವಾಸಕ್ಕೆ ಯಾರೂ ಕೈ ಎತ್ತಲಿಲ್ಲ, ಅದನ್ನು ಬಿಡಲಾಯಿತು. ಭಕ್ತಿ ಅಜ್ಜಿಯದು, ಅದನ್ನು ಪಾಳಿ ಹಚ್ಚಿ ತೀರಿಸಬೇಕೆಂದು ಅವರೇನೂ ಹೇಳಿಹೋಗಿರಲಿಲ್ಲ.

ವರ್ಷದ ಪುಣ್ಯಸ್ಮರಣೆಗೆ ಪುಸ್ತಿಕೆಯೊಂದು ತಯಾರಾಗುತ್ತಿತ್ತು. ಕರುಣಾಮಯಿ, ಸಾಧ್ವಿ, ಅನ್ನಪೂರ್ಣೆ ಎಂದು ಎರಡು ಪುಟ. ಅಂಚು ಸೀಳಿದೆಯೆಂದು ಹೊಸ ಸೊಸೆಯ ರೊಟ್ಟಿಯನ್ನು ವಾಪಸ್ ಕಳಿಸಿದವರು, ಅದೇ ಸೊಸೆಯ ಹೆರಿಗೆ ಕಷ್ಟವಾದಾಗ ಯಾರನ್ನೂ ಕೇಳದೆ ತಮ್ಮ ಬಂಗಾರದ ಬಳೆ ಪಾಟ್ಲಿ ಮಾರಿದವರು ಅದರಲ್ಲಿ ಎಲ್ಲೂ ಇರಲಿಲ್ಲ. ಬರೀ ಹೊಗಳಿದರೆ ಹತ್ತಿರದಿಂದ ಕಂಡವರಿಗೆ ಬಾಯಿಬಿಡಲು ಜಾಗವಿರುವುದಿಲ್ಲ. ಹೀಗೆ ಮಾಡಲು ಹೇಳಿದೆವು: ಒಬ್ಬೊಬ್ಬರನ್ನೇ ಕೂರಿಸಿ ಮೊಬೈಲಿನಲ್ಲಿ ಹದಿನೈದು-ಇಪ್ಪತ್ತು ನಿಮಿಷ ಧ್ವನಿ ಮುದ್ರಿಸಿ; "ನಿಮಗ ಎದಕ್ಕ ಬೈದಿದ್ರು?" ಎಂದು ಮೊದಲು ಕೇಳಿ, ಏನು ಕೊಟ್ಟರೆಂಬುದು ಹಿಂದೆಯೇ ಬರುತ್ತದೆ. ಗುಂಪಿನಲ್ಲಿ ಕೇಳಿದರೆ ದೊಡ್ಡ ದನಿಯವರ ನೆನಪಷ್ಟೇ ಉಳಿಯುತ್ತದೆ. ಹುಟ್ಟಿದ ವರ್ಷಕ್ಕೆ ಆಧಾರ್ ಕಾರ್ಡಿನ ಜನವರಿ 1 ನಂಬಬೇಡಿ. ಅಜ್ಜಿ ಶ್ರೀಮುಖ ಸಂವತ್ಸರದ ಶ್ರಾವಣ ಎನ್ನುತ್ತಿದ್ದರಂತೆ, ಅಂದರೆ 1933. ಸೀರೆಗಳನ್ನು ಅವಸರದಲ್ಲಿ ಹಂಚದೆ ನಾಲ್ಕೈದನ್ನು ಕೌದಿಗೆ ಎತ್ತಿಡಲೂ ಹೇಳಿದೆವು.

ಆರನೇ ಭೇಟಿಯ ಹೊತ್ತಿಗೆ ನಿದ್ದೆ ಐದರವರೆಗೆ ಎಳೆದಿತ್ತು, ತವರಲ್ಲಿ ಎರಡು ರಾತ್ರಿ ಉಳಿದು ಬಂದಿದ್ದರು. ಸೋಮವಾರ ಅಳು ಬರುತ್ತದೆ, ಅದನ್ನು ನಿಲ್ಲಿಸುವುದು ಸಲಹೆಯ ಗುರಿಯೂ ಆಗಿರಲಿಲ್ಲ. ಊಟ ಪೂರ್ತಿ ಬಿಟ್ಟರೆ, ಸಾಯುವ ದಾರಿ ಯೋಚಿಸುತ್ತಿದ್ದರೆ, ವರ್ಷ ಕಳೆದರೂ ದಿನದ ಕೆಲಸ ಸಾಗದಿದ್ದರೆ ಮನೋವೈದ್ಯರನ್ನು ಕಾಣಬೇಕು. ಟೆಲಿ-ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.