ಹೊಳೆಯುವ ಓಲೆಗೆ ಎಂಥ ಬೆಳಕು?

ಪ್ರಶ್ನೆ: ನಾನು ಲೋಹದ ಓಲೆ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತೇನೆ. ಫೋಟೊ ಫೋನ್‌ನಲ್ಲೇ ತೆಗೆಯುವುದು. ಕೆಳಗೆ ಹಾಸಿದ ಬಿಳಿ ಹಾಳೆ ಬೂದಿ ಬಣ್ಣಕ್ಕೆ ಬರುತ್ತದೆ. ಓಲೆಯಲ್ಲಿ ನನ್ನ ಫೋನೇ ಕಪ್ಪಗೆ ಕಾಣುತ್ತದೆ. ಒಳ್ಳೆ ಕ್ಯಾಮೆರಾ ಕೊಂಡರೆ ಸರಿಹೋಗುತ್ತದಾ?

ಉತ್ತರ: ಈಗಲೇ ಕೊಳ್ಳಬೇಡಿ. ನೀವು ಹೇಳಿದ ಎರಡು ತೊಂದರೆಯೂ ಹೊಸ ಕ್ಯಾಮೆರಾದಲ್ಲಿ ಹಾಗೇ ಇರುತ್ತವೆ.

ಪಾಲಿಶ್ ಮಾಡಿದ ಲೋಹ ಅಂದರೆ ಕನ್ನಡಿ ಅಲ್ವಾ? ಅದರ ಸುತ್ತ ಏನಿದೆಯೋ ಅದೇ ಫೋಟೊದಲ್ಲಿ ಬರುತ್ತದೆ. ಆದ್ದರಿಂದ ಸುತ್ತ ಏನಿರಬೇಕು ಅಂತ ನೀವೇ ತೀರ್ಮಾನಿಸಿ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಮೇಜು ಹಾಕಿ. ಬಿಸಿಲಿದ್ದರೆ ಟ್ರೇಸಿಂಗ್ ಪೇಪರನ್ನೋ ತೆಳು ಬಿಳಿ ಬಟ್ಟೆಯನ್ನೋ ಅಡ್ಡ ಕಟ್ಟಿ. ಕೋಣೆಯ ದೀಪಗಳನ್ನೆಲ್ಲ ಆರಿಸಿ. ಬೆಳಕಿನ ಬಣ್ಣವನ್ನು ಅಳೆಯುವ ಮಾನದಲ್ಲಿ ಹಳದಿ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್, ಹಗಲ ಬೆಳಕು 5500ರ ಆಸುಪಾಸು. ಎರಡೂ ಬೆರೆತರೆ ಓಲೆಯ ಒಂದು ಮಗ್ಗುಲು ಹಳದಿ, ಇನ್ನೊಂದು ನೀಲಿ. ಆಮೇಲೆ ಎಡಿಟ್ ಮಾಡಿ ಸರಿಪಡಿಸುವುದು ಬಹಳ ಕಷ್ಟ.

ಕಿಟಕಿಯ ಎದುರು ಬದಿಗೆ ಬಿಳಿ ಥರ್ಮೋಕೋಲ್ ತುಂಡು ನಿಲ್ಲಿಸಿ. ಅದನ್ನು ಹತ್ತಿರ ತಂದಷ್ಟೂ ನೆರಳು ತಿಳಿಯಾಗುತ್ತದೆ. ಇನ್ನೊಂದು ಬಿಳಿ ರಟ್ಟಿನಲ್ಲಿ ಲೆನ್ಸಿನಷ್ಟೇ ತೂತು ಕೊರೆದು, ಫೋನನ್ನು ಅದರ ಹಿಂದೆ ಇಡಿ. ಫೋನ್ ಕಾಣುವ ಜಾಗದಲ್ಲಿ ಒಂದು ಚುಕ್ಕೆ ಉಳಿದೀತು, ಅಷ್ಟೆ. ಓಲೆಯನ್ನು ಚೂರು ತಿರುಗಿಸಿದರೆ ಅದೂ ಮರೆಯಾಗುತ್ತದೆ.

ಆದರೆ ಸುತ್ತ ಬರೀ ಬಿಳಿ ಇದ್ದರೂ ಸಾಲದು. ಒಮ್ಮೆ ಬೆಳ್ಳಿಯ ಉಂಗುರವೊಂದರ ಸುತ್ತ ಬಿಳಿ ಹಾಳೆ ಕಟ್ಟಿ ಫೋಟೊ ತೆಗೆದೆ. ಉಂಗುರ ಪ್ಲಾಸ್ಟಿಕ್‌ನಂತೆ ಬಂತು, ಅಂಚು ಎಲ್ಲಿ ಮುಗಿಯುತ್ತದೆ ಅಂತಲೇ ತಿಳಿಯಲಿಲ್ಲ. ಬೆರಳಗಲದ ಕಪ್ಪು ಕಾಗದದ ಪಟ್ಟಿಯನ್ನು ಒಂದು ಬದಿಗೆ ನಿಲ್ಲಿಸಿದೆ. ಅಂಚಿನುದ್ದಕ್ಕೂ ಕೂದಲೆಳೆಯಂಥ ಕಪ್ಪು ಗೆರೆ ಮೂಡಿತು. ಈಗ ಅದು ಬೆಳ್ಳಿ! ಆ ಪಟ್ಟಿಯನ್ನು ಇವತ್ತಿಗೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಓಲೆಯ ಬಾಗುಗಳಿಗೂ ಇದೇ ಬೇಕು. ಪಟ್ಟಿಯನ್ನು ಸುಮ್ನೆ ಅತ್ತಿತ್ತ ಸರಿಸುತ್ತಾ ಪರದೆಯನ್ನೇ ನೋಡಿ, ಗೆರೆ ಎಲ್ಲಿ ಕೂರಬೇಕೆಂದು ಕಣ್ಣಿಗೇ ಗೊತ್ತಾಗುತ್ತದೆ.

ಇನ್ನು ಬೂದಿ ಬಣ್ಣ. ಚೌಕಟ್ಟಿನ ತುಂಬ ಬಿಳಿ ಇದ್ದರೆ ಬೆಳಕು ಜಾಸ್ತಿಯಾಯಿತೆಂದು ಫೋನ್ ತಾನೇ ಕಡಿಮೆ ಮಾಡುತ್ತದೆ. ಓಲೆಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಎಕ್ಸ್‌ಪೋಷರ್ (ಫೋಟೊದ ಬೆಳಕಿನ ಪ್ರಮಾಣ) ಏರಿಸಿ. ಹಾಳೆ ಬೆಳ್ಳಗಾಗಬೇಕು, ಲೋಹದ ಕೆತ್ತನೆ ಮಾತ್ರ ಅಳಿಸಿಹೋಗಬಾರದು. ಸೆಟ್ಟಿಂಗ್‌ಗಳನ್ನು ನಾವೇ ಬದಲಿಸುವ ಪ್ರೊ ಮೋಡ್ ಇದ್ದರೆ ಐಎಸ್‌ಒ (ಬೆಳಕನ್ನು ಗ್ರಹಿಸುವ ಸೂಕ್ಷ್ಮತೆ) 100ಕ್ಕೆ ಇಳಿಸಿ. ಆಗ ಶಟರ್ ನಿಧಾನವಾಗುತ್ತದೆ, ಅಂದರೆ ಫೋಟೊ ತೆಗೆಯಲು ಹೆಚ್ಚು ಹೊತ್ತು ಹಿಡಿಯುತ್ತದೆ, ಕೈ ನಡುಕ ತಾಗುತ್ತದೆ. ಅದಕ್ಕೇ ಟ್ರೈಪಾಡ್ ಬೇಕು, ಇಲ್ಲದಿದ್ದರೆ ಪುಸ್ತಕಗಳ ರಾಶಿಗೆ ಫೋನ್ ಒರಗಿಸಿ, 2 ಸೆಕೆಂಡ್ ಟೈಮರ್ ಇಡಿ. ತೀರಾ ಮುಂದೆ ಹೋಗಿ ತೆಗೆದರೆ ಓಲೆಯ ಆಕಾರ ಉಬ್ಬಿದಂತೆ ಕಾಣುತ್ತದೆ. ಫೋನಿನಲ್ಲಿ 2ಎಕ್ಸ್ (ಎರಡು ಪಟ್ಟು ಹತ್ತಿರ ತೋರಿಸುವ) ಲೆನ್ಸ್ ಇದ್ದರೆ ಹಿಂದೆ ಸರಿದು ಅದರಲ್ಲೇ ತೆಗೆಯಿರಿ.

ಪ್ರತಿ ಸಲವೂ ಓಲೆಯನ್ನು, ಲೆನ್ಸನ್ನು ಮೆತ್ತನೆ ಬಟ್ಟೆಯಿಂದ ಒರೆಸಿ. ಬರಿಗಣ್ಣಿಗೆ ಕಾಣದ ಬೆರಳಚ್ಚು ಫೋಟೊದಲ್ಲಿ ಎದ್ದು ಕಾಣುತ್ತದೆ.